ಕ್ರಿಸ್‌ಮಸ್‌ನ ಬರೋಕ್ ಸಂಗೀತ ಕಛೇರಿ

ಕ್ರಿಸ್ತಜಯಂತಿಯ ಆರಾಧನೆಗೆಂದು ಸುಮಾರು 1600ರಿಂದ 1750ರವರೆಗೆ ಯುರೋಪಿನಲ್ಲಿ ರಚಿತವಾದ ಕೃತಿಗಳನ್ನು ವೃಂದಗಾನ, ಏಕಗಾಯಕರು ಹಾಗೂ ವಾದ್ಯಮೇಳ ಕೂಡಿ ಶ್ರೋತೃಗಳ ಮುಂದೆ ಪ್ರಸ್ತುತಪಡಿಸುವ ಕಾರ್ಯಕ್ರಮವೇ ಕ್ರಿಸ್‌ಮಸ್‌ನ ಬರೋಕ್ ಸಂಗೀತ ಕಛೇರಿ. ಹ್ಯಾಂಡೆಲ್, ಬಾಕ್, ವಿವಾಲ್ಡಿ, ಕೊರೆಲ್ಲಿ, ಶಾರ್ಪಾಂತಿಯೆ, ಶ್ಯೂಟ್ಸ್ ಇದರ ಮುಖ್ಯ ರಚನಕಾರರು. ಭಾರತದಲ್ಲಿ ಈ ಬಗೆಯ ಕಛೇರಿಗಳು ಮುಂಬೈ, ಗೋವಾ, ಚೆನ್ನೈ, ಬೆಂಗಳೂರುಗಳಲ್ಲಿ ನಡೆಯುತ್ತ ಬಂದಿವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಪ್ರದೇಶಕ್ಕೆ ಈ ಸಂಗೀತದೊಡನೆ ಎರಡು ಬಗೆಯ ನಂಟಿದೆ. ಮೊದಲನೆಯದು, ಬರೋಕ್ ಯುಗದ ಬಹುಪಾಲು ಕಾಲ ಠಾಣೆಯ ಸೀಮೆ ಪೋರ್ಚುಗೀಸರ ಕೈಯಲ್ಲಿದ್ದು ಇಲ್ಲಿ ಕೆಥೋಲಿಕ್ ಇಗರ್ಜಿಗಳು ಬೆಳೆದವು. ಎರಡನೆಯದು ಇಂದಿನದು: ಇಲ್ಲಿನ ಇಗರ್ಜಿಗಳ ಗಾಯನ ಮಂಡಳಿಗಳಲ್ಲಿ ಪಳಗಿದವರಿಗೆ ದೊಡ್ಡ ಕೃತಿಗಳನ್ನು ಹಾಡುವ, ಕೇಳುವ ವೇದಿಕೆ ದಕ್ಷಿಣ ಮುಂಬೈಯಲ್ಲಿದೆ.

ಈ ಲೇಖನದಲ್ಲಿ ವೃಂದಗಾನ ಎಂಬುದು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿವರ್ಗಗಳು ಬೇರೆಬೇರೆ ಸ್ವರಸಾಲುಗಳನ್ನು ಏಕಕಾಲಕ್ಕೆ ಹಾಡುವ ಗುಂಪನ್ನು ಸೂಚಿಸುತ್ತದೆ. ವಾದ್ಯಮೇಳ ಎಂದರೆ ಪಿಟೀಲು ಕುಟುಂಬದ ತಂತಿವಾದ್ಯಗಳ ಜೊತೆಗೆ ಓಬೊ, ಕೊಳಲು, ತುತ್ತೂರಿ, ನಗಾರಿಗಳು ಕೂಡಿದ ತಂಡ. ಕೋರಾಲ್ ಎಂದರೆ ಲೂಥರನ್ ಸಭೆಯವರೆಲ್ಲ ಸೇರಿ ಹಾಡುವ ಭಕ್ತಿಗೀತೆ.

ಮೂಲ

ಬರೋಕ್ ಶೈಲಿಯ ತವರು ಇಟಲಿ. ಹದಿನಾರನೆಯ ಶತಮಾನದ ಕೊನೆಯವರೆಗೆ ಇಗರ್ಜಿಯ ಸಂಗೀತವೆಂದರೆ ನಾಲ್ಕೈದು ಧ್ವನಿಗಳು ಸಮತೂಕದಲ್ಲಿ ಒಂದರೊಳಗೊಂದು ಹೆಣೆದುಕೊಂಡು ಸಾಗುವ ಗಾಯನವಾಗಿತ್ತು. 1600ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ ಆಪೆರಾ ಹುಟ್ಟಿತು. ಒಬ್ಬನೇ ಗಾಯಕ ಮಾತಿನ ಏರಿಳಿತವನ್ನು ಅನುಸರಿಸಿ ಹಾಡುವುದು, ಅವನ ಧ್ವನಿಗೆ ಕೆಳಗಿನಿಂದ ವಾದ್ಯದ ಮಂದ್ರಸ್ವರ ಆಸರೆ ಕೊಡುವುದು ಅದರ ಹೊಸತನ. ವೆನಿಸಿನ ಸಂತ ಮಾರ್ಕರ ಬಸಿಲಿಕದಲ್ಲಿ ಎದುರುಬದುರು ಅಟ್ಟಗಳ ಮೇಲೆ ನಿಂತ ಗಾಯಕರೂ ವಾದಕರೂ ಒಬ್ಬರಿಗೊಬ್ಬರು ಉತ್ತರ ಕೊಡುವಂತೆ ಹಾಡುವ ಪದ್ಧತಿ ಆಗಲೇ ಬೇರೂರಿತ್ತು. ಇವೆರಡೂ ಸೇರಿದಾಗ ಹೊಸ ಶೈಲಿಗೆ ರೂಪ ಬಂತು. ವೆನಿಸಿಗೆ ಹೋಗಿ ಜೊವಾನಿ ಗಾಬ್ರಿಯೆಲಿಯ ಬಳಿ ಕಲಿತ ಹೈನ್‌ರಿಶ್ ಶ್ಯೂಟ್ಸ್ ಅದನ್ನು ಜರ್ಮನಿಯ ಡ್ರೆಸ್ಡೆನ್ ಆಸ್ಥಾನಕ್ಕೆ ಒಯ್ದ.

ಕ್ರಿಸ್‌ಮಸ್‌ಗೆ ಸೇರಿದ ನಾದದ ಒಂದು ಗುರುತು ಮಾತ್ರ ಅರಮನೆ, ಇಗರ್ಜಿಗಳಿಂದ ಬಂದದ್ದಲ್ಲ. ಡಿಸೆಂಬರ್ ಹತ್ತಿರವಾದಂತೆ ಅಬ್ರುಜ್ಜೊ ಬೆಟ್ಟಗಳ ಕುರುಬರು ರೋಮ್ ನಗರಕ್ಕೆ ಇಳಿದು ಬಂದು, ಬೀದಿಬದಿಯ ಮರಿಯಮ್ಮನವರ ಪ್ರತಿಮೆಗಳ ಮುಂದೆ ಚೀಲವಾದ್ಯವನ್ನೂ ಓಲಗದ ಜಾತಿಯ ಪುಟ್ಟ ವಾದ್ಯವನ್ನೂ ಊದುತ್ತಿದ್ದರು. ಶ್ರುತಿಪೆಟ್ಟಿಗೆಯಂತೆ ಕದಲದೆ ನಿಂತ ಆಧಾರಸ್ವರ, ಅದರ ಮೇಲೆ ತಿಶ್ರ ನಡೆಯಲ್ಲಿ ತೂಗುವ ರಾಗ: ಇದನ್ನೇ ರಚನಕಾರರು ಎತ್ತಿಕೊಂಡು ‘ಪಾಸ್ಟೊರಾಲೆ’ ಎಂಬ ಪ್ರಕಾರವನ್ನು ಬೆಳೆಸಿದರು. ಬೆತ್ಲೆಹೇಮಿನ ಹೊಲದಲ್ಲಿ ದೇವದೂತರ ವಾರ್ತೆಯನ್ನು ಮೊದಲು ಕೇಳಿದವರು ಕುರುಬರೇ ಎಂದು ಲೂಕನ ಸುವಾರ್ತೆ ಹೇಳುವುದರಿಂದ ಈ ನಾದ ಹಬ್ಬಕ್ಕೆ ಸಹಜವಾಗಿ ಹೊಂದಿಕೊಂಡಿತು. ಕೊರೆಲ್ಲಿಯ ಕಾನ್ಸೆರ್ಟೊದ ಕೊನೆಯ ಭಾಗ, ಹ್ಯಾಂಡೆಲನ ‘ಮೆಸ್ಸಾಯ’ದ ‘ಪಿಫಾ’, ಬಾಕ್‌ನ ಕ್ರಿಸ್‌ಮಸ್ ಒರಟೋರಿಯೊದ ಎರಡನೆಯ ಭಾಗದ ಆರಂಭ ಇವು ಮೂರೂ ಅದೇ ಕುರುಬರ ಊದುವಿಕೆಯ ಸಂತತಿ.

ಚರ್ಚಿನ ಪಂಚಾಂಗವೂ ಈ ಸಂಗೀತದ ಸ್ವರೂಪವನ್ನು ನಿರ್ಧರಿಸಿತು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಸಂಯಮದ, ಕಾಯುವಿಕೆಯ ಕಾಲ. ಬಾಕ್ ಕೆಲಸ ಮಾಡುತ್ತಿದ್ದ ಲೈಪ್‌ಜಿಗ್‌ನಲ್ಲಿ ಆ ಅವಧಿಯ ಮೊದಲ ಭಾನುವಾರದ ಹೊರತು ಉಳಿದ ಮೂರರಲ್ಲಿ ವಾದ್ಯಮೇಳದ ಸಂಗೀತಕ್ಕೆ ಅವಕಾಶವಿರಲಿಲ್ಲ. ವಾರಗಟ್ಟಲೆ ಮೌನದ ನಂತರ ಡಿಸೆಂಬರ್ 25ರ ಬೆಳಗ್ಗೆ ತುತ್ತೂರಿ, ನಗಾರಿಗಳು ಒಮ್ಮೆಲೇ ಮೊಳಗಿದಾಗ ಸಭೆಗೆ ಆಗುತ್ತಿದ್ದ ಪರಿಣಾಮ ಎಂಥದ್ದೆಂದು ಇಂದಿನ ಕೇಳುಗ ಊಹಿಸಿಕೊಳ್ಳಬೇಕಷ್ಟೆ. ಈಗಿನ ಕಛೇರಿಗಳು ಹೆಚ್ಚಾಗಿ ಹಬ್ಬಕ್ಕೆ ಮೊದಲೇ, ಅಂದರೆ ಆ ಮೌನದ ವಾರಗಳಲ್ಲೇ ನಡೆಯುತ್ತವೆ.

ರಚನೆ

ಬರೋಕ್ ಕೃತಿಯ ಬುನಾದಿ ‘ಕಂಟಿನ್ಯೂವೊ’. ಆರಂಭದಿಂದ ಕೊನೆಯವರೆಗೆ ಬಿಡದೆ ಸಾಗುವ ಮಂದ್ರದ ಸಾಲನ್ನು ಚೆಲೊ ನುಡಿಸುತ್ತದೆ. ಅದೇ ಸಾಲಿನ ಮೇಲೆ ಆರ್ಗನ್ ಅಥವಾ ಹಾರ್ಪ್ಸಿಕಾರ್ಡ್ ವಾದಕ ಸ್ವರಮೇಳಗಳನ್ನು ತುಂಬುತ್ತಾನೆ. ಯಾವ ಸ್ವರಮೇಳ ಎಂಬುದನ್ನು ರಚನಕಾರ ಪೂರ್ತಿಯಾಗಿ ಬರೆದಿಡದೆ ಮಂದ್ರಸ್ವರದ ಬಳಿ 6, 7, 4 ಎಂಬಂಥ ಅಂಕಿಗಳನ್ನಷ್ಟೇ ನಮೂದಿಸುತ್ತಾನೆ. ಅಂಕಿಯನ್ನು ಕಂಡು ಆ ಕ್ಷಣದಲ್ಲೇ ಕೈಯಿಂದ ಸ್ವರಮೇಳ ಕಟ್ಟುವುದು ವಾದಕನ ವಿದ್ಯೆ. ಲಿಪಿಗೆ ಬದ್ಧವಾದ ಪಾಶ್ಚಾತ್ಯ ಸಂಗೀತದಲ್ಲಿ ಮನೋಧರ್ಮಕ್ಕೆ ಇಷ್ಟು ಜಾಗ ಉಳಿದಿದ್ದ ಕಾಲ ಇದು. ಏಕಗಾಯಕರೂ ಹಾಡಿನ ಮೊದಲ ಭಾಗ ಮರಳಿ ಬಂದಾಗ ತಮ್ಮದೇ ಗಮಕ, ಬಿರ್ಕಾಗಳಿಂದ ಅದನ್ನು ಅಲಂಕರಿಸುತ್ತಿದ್ದರು.

ಈ ಬುನಾದಿಯ ಮೇಲೆ ನಾಲ್ಕು ಘಟಕಗಳು ಸರದಿಯಂತೆ ಬರುತ್ತವೆ. ಕಥನವನ್ನು ಮಾತಿನ ಲಯದಲ್ಲಿ ಹೇಳುವುದು ರೆಸಿಟೆಟಿವ್. ಕಥೆ ನಿಂತು ಭಾವ ಅರಳುವ ಏಕಗಾಯನ ಏರಿಯ. ಜನಸಮೂಹದ ಅಥವಾ ದೇವದೂತರ ಮಾತು ವೃಂದಗಾನಕ್ಕೆ ಮೀಸಲು. ಜರ್ಮನ್ ಕೃತಿಗಳಲ್ಲಿ ನಾಲ್ಕನೆಯದಾಗಿ ಕೋರಾಲ್ ಬರುತ್ತದೆ.

ತುತ್ತೂರಿಗಳಿಗೂ ಹಬ್ಬದ ಕೃತಿಗಳ ಶ್ರುತಿಗೂ ನೇರ ಸಂಬಂಧವಿದೆ. ಅಂದಿನ ತುತ್ತೂರಿಗೆ ಗುಂಡಿಗಳಿರಲಿಲ್ಲ. ಕೊಳವೆಯ ಉದ್ದಕ್ಕೆ ತಕ್ಕ ಸಹಜ ಸ್ವರಗಳನ್ನಷ್ಟೇ ಅದು ಹೊರಡಿಸುತ್ತಿತ್ತು; ಪೂರ್ಣ ರಾಗ ಬೇಕೆಂದರೆ ವಾದಕ ತುಟಿಯ ಬಿಗಿಯಿಂದಲೇ ಅತಿತಾರದಲ್ಲಿ ನುಡಿಸಬೇಕಿತ್ತು. ಆ ಕೊಳವೆಗಳು ಸಾಮಾನ್ಯವಾಗಿ ಡಿ ಮೇಜರ್‌ಗೆ ಹೊಂದುವಂತೆ ಇದ್ದುದರಿಂದ ಹಬ್ಬದ ಅನೇಕ ದೊಡ್ಡ ಕೃತಿಗಳು ಆ ಶ್ರುತಿಯಲ್ಲೇ ಇವೆ.

ಪ್ರಕಾರಗಳು

ಈ ಕಛೇರಿಗಳಲ್ಲಿ ಬರುವ ಕೃತಿಗಳಲ್ಲಿ ಒರಟೋರಿಯೊ ದೊಡ್ಡದು. ವೇಷಭೂಷಣ, ಅಭಿನಯಗಳಿಲ್ಲದೆ ಧರ್ಮಗ್ರಂಥದ ಕಥೆಯನ್ನು ಹಾಡಿನಲ್ಲೇ ನಿರೂಪಿಸುವ ದೀರ್ಘ ಕೃತಿ ಅದು. ಕ್ಯಾಂಟಾಟ ಅದಕ್ಕಿಂತ ಕಿರಿದು, ಒಂದು ದಿನದ ಆರಾಧನೆಗೆ ಹೊಂದುವಷ್ಟು. ಬಲಿಪೂಜೆಯ ಲ್ಯಾಟಿನ್ ಪಠ್ಯಕ್ಕೆ ಸ್ವರ ಕೂಡಿಸಿದ್ದು ಮಾಸ್. ಅದರ ‘ಗ್ಲೋರಿಯ’ ಭಾಗವೊಂದನ್ನೇ ಸ್ವತಂತ್ರ ಕೃತಿಯಾಗಿ ಬೆಳೆಸುವುದೂ ಉಂಟು. ಮರಿಯಮ್ಮನವರ ಸ್ತುತಿಗೀತೆಯ ಪಠ್ಯಕ್ಕೆ ರಚಿಸಿದ್ದು ಮ್ಯಾಗ್ನಿಫಿಕಾಟ್. ಗಾಯನವಿಲ್ಲದೆ ವಾದ್ಯಗಳೇ ನುಡಿಸುವ ಕ್ರಿಸ್‌ಮಸ್ ಕಾನ್ಸೆರ್ಟೊ ಇಟಲಿಯ ಕೊಡುಗೆ. ಫ್ರಾನ್ಸಿನ ನೊಯೆಲ್, ಸ್ಪೇನ್ ಮತ್ತು ಪೋರ್ಚುಗಲ್‌ಗಳ ವಿಲ್ಯಾನ್ಸಿಕೊ ಆಡುಮಾತಿನ ಹಬ್ಬದ ಹಾಡುಗಳು.

ಮುಖ್ಯ ಕೃತಿಗಳು

ಶ್ಯೂಟ್ಸ್‌ನ ‘ಕ್ರಿಸ್ತಜನನ ಚರಿತೆ’ 1660ರ ಸುಮಾರಿಗೆ ಡ್ರೆಸ್ಡೆನ್ನಿನಲ್ಲಿ ಮೊದಲು ಕೇಳಿಬಂತು. 1664ರಲ್ಲಿ ಅವನು ನಿರೂಪಕನ ಭಾಗವನ್ನು ಮಾತ್ರ ಅಚ್ಚು ಹಾಕಿಸಿ, ಉಳಿದದ್ದು ಬೇಕಾದವರು ತನ್ನಿಂದ ಪಡೆಯಬಹುದೆಂದು ತಿಳಿಸಿದ. ಹೀಗಾಗಿ ಕೃತಿಯ ಬಹುಭಾಗ ಎರಡೂವರೆ ಶತಮಾನ ಕಣ್ಮರೆಯಾಗಿ, 1908ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಹಸ್ತಪ್ರತಿಯಾಗಿ ಸಿಕ್ಕಿತು. ಪಾತ್ರಕ್ಕೊಂದು ನಾದಬಣ್ಣ ಕೊಟ್ಟಿರುವುದು ಇದರ ಸೊಗಸು: ಕುರುಬರಿಗೆ ಕೊಳಲು, ಮಹಾಯಾಜಕರಿಗೆ ಟ್ರೊಂಬೋನು, ಹೆರೋದ ರಾಜನಿಗೆ ತುತ್ತೂರಿ.

ಅರ್ಕಾಂಜೆಲೊ ಕೊರೆಲ್ಲಿಯ ಆರನೆಯ ಸಂಪುಟದ ಎಂಟನೆಯ ಕಾನ್ಸೆರ್ಟೊ ‘ಕ್ರಿಸ್‌ಮಸ್ ಕಾನ್ಸೆರ್ಟೊ’ ಎಂದೇ ಹೆಸರಾಗಿದೆ. ಅವನು 1713ರಲ್ಲಿ ತೀರಿಕೊಂಡ ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಂಪುಟ ಪ್ರಕಟವಾಯಿತು. ಎರಡು ಪಿಟೀಲು, ಒಂದು ಚೆಲೊ ಇರುವ ಚಿಕ್ಕ ಗುಂಪು ಉಳಿದ ಮೇಳದೊಡನೆ ಸಂವಾದಿಸುತ್ತದೆ. ತಂತಿವಾದ್ಯಗಳೂ ಕಂಟಿನ್ಯೂವೊ ವಾದಕರೂ ಇದ್ದರೆ ಸಾಕಾದ್ದರಿಂದ ಸಣ್ಣ ತಂಡಗಳಿಗೆ ಕೈಗೆಟುಕುವ ಕೃತಿ ಇದು. ಟೊರೆಲ್ಲಿ, ಮಾನ್‌ಫ್ರೆದೀನಿ, ಲೊಕಾತೆಲ್ಲಿ ಇದೇ ಜಾತಿಯ ಕಾನ್ಸೆರ್ಟೊಗಳನ್ನು ಬರೆದಿದ್ದಾರೆ. ಮಾರ್ಕ್ ಆಂತ್ವಾನ್ ಶಾರ್ಪಾಂತಿಯೆ 1690ರ ದಶಕದಲ್ಲಿ ರಚಿಸಿದ ‘ನಡುರಾತ್ರಿಯ ಬಲಿಪೂಜೆ’ಯಲ್ಲಿ ಲ್ಯಾಟಿನ್ ಪಠ್ಯಕ್ಕೆ ಜನರ ಬಾಯಲ್ಲಿದ್ದ ನೊಯೆಲ್ ಧಾಟಿಗಳನ್ನೇ ಹೊಂದಿಸಿದ.

ಅಂತೊನಿಯೊ ವಿವಾಲ್ಡಿಯ ‘ಗ್ಲೋರಿಯ’ 1715ರ ಸುಮಾರಿನದು. ವೆನಿಸಿನ ಪಿಯೆತಾ ಎಂಬ ಅನಾಥಾಲಯದಲ್ಲಿ ಅವನು ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ. ಜಾಲಂದರದ ಹಿಂದೆ ನಿಂತು ಹಾಡುತ್ತಿದ್ದ ಆ ಹುಡುಗಿಯರ ಕೀರ್ತಿ ಯುರೋಪಿನ ಪ್ರವಾಸಿಗಳನ್ನೆಲ್ಲ ಅಲ್ಲಿಗೆ ಎಳೆದು ತರುತ್ತಿತ್ತು. ವಿವಾಲ್ಡಿಯ ನಂತರ ಮರೆಗೆ ಸರಿದ ಈ ಕೃತಿ 1920ರ ದಶಕದಲ್ಲಿ ಅವನ ಹಸ್ತಪ್ರತಿಗಳ ಜೊತೆ ಪತ್ತೆಯಾಗಿ, 1939ರಲ್ಲಿ ಸಿಯೆನಾದಲ್ಲಿ ಮತ್ತೆ ವೇದಿಕೆ ಕಂಡಿತು. ಗ್ಲೋರಿಯ ಪಠ್ಯದ ಮೊದಲ ಸಾಲು ಕುರುಬರಿಗೆ ದೇವದೂತರು ಹಾಡಿದ ಮಾತೇ. ಆಗಮನ ಕಾಲದ ಭಾನುವಾರಗಳಲ್ಲಿ ಅದನ್ನು ಹಾಡುವಂತಿಲ್ಲ. ಕ್ರಿಸ್‌ಮಸ್ ರಾತ್ರಿ ಅದು ಮರಳಿ ಬರುತ್ತದೆ. ಹನ್ನೆರಡು ಚಿಕ್ಕ ಭಾಗಗಳಾಗಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಇದಕ್ಕೆ ಒಂದು ಓಬೊ, ಒಂದು ತುತ್ತೂರಿ, ತಂತಿವಾದ್ಯಗಳು ಸಾಕು. ಹವ್ಯಾಸಿ ತಂಡಗಳು ಇದನ್ನು ಮೆಚ್ಚಿ ಆರಿಸಿಕೊಳ್ಳಲು ಈ ಹದವೇ ಕಾರಣ.

ಯೊಹಾನ್ ಸೆಬಾಸ್ಟಿಯನ್ ಬಾಕ್‌ನ ‘ಮ್ಯಾಗ್ನಿಫಿಕಾಟ್’ 1723ರದು. ಆ ವರ್ಷದ ಕ್ರಿಸ್‌ಮಸ್‌ಗೆಂದು ಅದರ ನಡುವೆ ನಾಲ್ಕು ಹಬ್ಬದ ಗೀತೆಗಳನ್ನು ಸೇರಿಸಿದ್ದ. ಮುಂದೆ ಅವನ್ನು ತೆಗೆದು, ಶ್ರುತಿಯನ್ನು ಡಿ ಮೇಜರ್‌ಗೆ ಇಳಿಸಿ ತಿದ್ದಿದ. ಆದರೆ ಈ ಇಡೀ ಪರಂಪರೆಯ ಶಿಖರ ಅವನ ‘ಕ್ರಿಸ್‌ಮಸ್ ಒರಟೋರಿಯೊ’. ಆರು ಕ್ಯಾಂಟಾಟಗಳ ಈ ಸರಣಿಯನ್ನು ಲೈಪ್‌ಜಿಗ್‌ನ ಸಂತ ನಿಕೊಲಾಸ್ ಮತ್ತು ಸಂತ ಥಾಮಸ್ ಇಗರ್ಜಿಗಳಲ್ಲಿ 1734ರ ಡಿಸೆಂಬರ್ 25, 26, 27 ಹಾಗೂ 1735ರ ಜನವರಿ 1, 2, 6ರಂದು ದಿನಕ್ಕೊಂದರಂತೆ ಹಾಡಿಸಲಾಯಿತು. ಜನನದಿಂದ ಜ್ಞಾನಿಗಳ ಆಗಮನದವರೆಗಿನ ಕಥೆ 64 ಭಾಗಗಳಲ್ಲಿ ಹರಡಿಕೊಂಡಿದೆ.

ಇದರ ಆರಂಭದಲ್ಲಿ ಮೊದಲ ಪೆಟ್ಟುಗಳು ನಗಾರಿಯವು. ಮೇಳವೆಲ್ಲ ಸುಮ್ಮನಿದ್ದು ಚರ್ಮವಾದ್ಯ ಒಂದೇ ಮಾತು ಶುರುಮಾಡುತ್ತದೆ, ಕೊಳಲುಗಳು ಉತ್ತರಿಸುತ್ತವೆ, ಆಮೇಲೆ ತುತ್ತೂರಿಗಳು ಸೇರುತ್ತವೆ. ಆರಾಧನೆಯ ಸಂಗೀತಕ್ಕೆ ಅಪರೂಪವಾದ ಈ ತೊಡಗುವಿಕೆಗೆ ಹಿನ್ನೆಲೆಯಿದೆ. ಬಾಕ್ ಈ ಸಂಗೀತವನ್ನು ಮೊದಲು ರಚಿಸಿದ್ದು 1733ರ ಡಿಸೆಂಬರ್ 8ರಂದು ಬಿದ್ದ ಸ್ಯಾಕ್ಸನಿಯ ಅರಸಿ ಮರಿಯಾ ಯೊಸೆಫಾಳ ಹುಟ್ಟುಹಬ್ಬಕ್ಕೆ. ಅಲ್ಲಿನ ಪಠ್ಯ ನಗಾರಿ, ತುತ್ತೂರಿಗಳನ್ನೇ ಕರೆದು ಮೊಳಗಿರೆಂದು ಹೇಳುತ್ತಿತ್ತು. ಒಮ್ಮೆ ಹಾಡಿ ಮುಗಿಯುತ್ತಿದ್ದ ಅರಮನೆಯ ಸಂಗೀತಕ್ಕೆ ಅವನು ವರ್ಷವರ್ಷವೂ ಮರಳಿ ಬರುವ ಹಬ್ಬದ ಪಠ್ಯ ಕೊಟ್ಟು ಉಳಿಸಿದ. ಮತ್ತೊಂದು ಸೂಕ್ಷ್ಮವೂ ಗಮನಾರ್ಹ. ಇದರ ಮೊದಲ ಕೋರಾಲ್ ಹಾಗೂ ಕೊನೆಯ ಕೋರಾಲ್ ಎರಡಕ್ಕೂ ಒಂದೇ ಧಾಟಿ. ಬಾಕ್‌ನ ಮತ್ತಾಯನ ಪ್ಯಾಶನ್ ಎಂಬ ಯಾತನಾಗಾಥೆಯಲ್ಲಿ ಮುಳ್ಳಿನ ಕಿರೀಟ ಹೊತ್ತ ಯೇಸುವಿನ ಮುಂದೆ ಕೇಳಿಬರುವುದೂ ಅದೇ ಧಾಟಿ. ತೊಟ್ಟಿಲ ಬಳಿ ಮೆಲ್ಲಗೆ ಕೇಳಿಸುವ ಅದು ಸಮಾಪ್ತಿಯಲ್ಲಿ ತುತ್ತೂರಿಗಳ ನಡುವೆ ವಿಜಯಗೀತೆಯಾಗಿ ಬರುತ್ತದೆ. ಬಾಕ್ ತೀರಿಕೊಂಡ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕೃತಿ ಪೂರ್ತಿಯಾಗಿ ಕೇಳಿಬರಲಿಲ್ಲ. 1857ರಲ್ಲಿ ಬರ್ಲಿನ್ನಿನ ಜಿಂಗ್ ಅಕಾಡೆಮಿ ಅದನ್ನು ಮತ್ತೆ ಎತ್ತಿಕೊಂಡಿತು.

ಜಾರ್ಜ್ ಫ್ರಿಡರಿಕ್ ಹ್ಯಾಂಡೆಲ್ ‘ಮೆಸ್ಸಾಯ’ವನ್ನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರೊಳಗೆ ಬರೆದು ಮುಗಿಸಿದ. ಬೈಬಲ್ಲಿನ ವಾಕ್ಯಗಳನ್ನು ಆಯ್ದು ಜೋಡಿಸಿ ಕೊಟ್ಟವನು ಚಾರ್ಲ್ಸ್ ಜೆನೆನ್ಸ್. ಮೊದಲ ಪ್ರದರ್ಶನ 1742ರ ಏಪ್ರಿಲ್ 13ರಂದು ಡಬ್ಲಿನ್ನಿನ ಸಭಾಂಗಣವೊಂದರಲ್ಲಿ ನಡೆಯಿತು. ಸುಮಾರು 700 ಜನ ಕೂಡಲಿದ್ದುದರಿಂದ ಹೆಂಗಸರು ಅಗಲದ ಬಳೆಲಂಗ ತೊಡದೆ, ಗಂಡಸರು ಕತ್ತಿ ಕಟ್ಟಿಕೊಳ್ಳದೆ ಬರಬೇಕೆಂದು ಮೊದಲೇ ಕೋರಲಾಗಿತ್ತು. ಅಂದಿನ ಸಂಗ್ರಹದಿಂದ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ 142 ಮಂದಿ ಬಿಡುಗಡೆಯಾದರು. ಹಾಗೆ ನೋಡಿದರೆ ಇದು ಈಸ್ಟರ್ ಕಾಲಕ್ಕೆ ಸೇರಿದ ಕೃತಿ. ಮೂರು ಭಾಗಗಳಲ್ಲಿ ಮೊದಲನೆಯದು ಮಾತ್ರ ಕ್ರಿಸ್ತಜನನಕ್ಕೆ ಸಂಬಂಧಿಸಿದ್ದು. ಲೋಕವೆಲ್ಲ ಬಲ್ಲ ‘ಹಲ್ಲೆಲೂಯ’ ಕೋರಸ್ ಇರುವುದು ಎರಡನೆಯ ಭಾಗದ ಕೊನೆಯಲ್ಲಿ. ಡಿಸೆಂಬರ್ ಕಛೇರಿಗಳು ಮೊದಲ ಭಾಗವನ್ನು ಹಾಡಿ, ಕೊನೆಗೆ ಹಲ್ಲೆಲೂಯವನ್ನು ಜೋಡಿಸುವುದು ರೂಢಿಯಾಗಿದೆ.

ಇಗರ್ಜಿಯಿಂದ ಸಭಾಂಗಣಕ್ಕೆ

ಆರಾಧನೆಯ ಅಂಗವಾಗಿದ್ದ ಈ ಸಂಗೀತ ಕಛೇರಿಯ ಸರಕಾದ ಬಗೆ ಎರಡು ಪಂಥಗಳಲ್ಲಿ ಬೇರೆಬೇರೆ. ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಹ್ಯಾಂಡೆಲನ ಒರಟೋರಿಯೊಗಳು ಆರಂಭದಿಂದಲೇ ನಾಟಕಶಾಲೆ, ಸಭಾಂಗಣಗಳ ಕೃತಿಗಳು; 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಸ್ಮರಣೋತ್ಸವದಲ್ಲಿ 500ಕ್ಕೂ ಹೆಚ್ಚು ಗಾಯಕ ವಾದಕರು ಸೇರಿದ ಮೇಲೆ ಭಾರೀ ವೃಂದಗಳ ಪದ್ಧತಿ ಬೆಳೆಯಿತು. ಕೆಥೋಲಿಕರಲ್ಲಿ ನಿರ್ಣಾಯಕವಾದದ್ದು ಹತ್ತನೆಯ ಪಿಯುಸ್ ಪೋಪರು 1903ರ ನವೆಂಬರ್ 22ರಂದು ಹೊರಡಿಸಿದ ಆದೇಶ. ಗ್ರೆಗೋರಿಯನ್ ಗಾಯನ, ರಚನಕಾರ ಪಲೆಸ್ಟ್ರೀನನ ಕಾಲದ ಬಹುಧ್ವನಿ ಗಾಯನಗಳನ್ನು ಅದು ಮಾದರಿಯೆಂದು ಎತ್ತಿಹಿಡಿಯಿತು. ಆಪೆರಾ ಛಾಯೆಯ ಸಂಗೀತವನ್ನು, ಸದ್ದು ಮಾಡುವ ವಾದ್ಯಗಳನ್ನು ಬಲಿಪೂಜೆಯಿಂದ ದೂರವಿಟ್ಟಿತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ ಮೋಟೆಟ್‌ಗಳ ಜಾಗಕ್ಕೆ ಮರಾಠಿ, ಕೊಂಕಣಿ, ಕನ್ನಡ ಗೀತೆಗಳು ಬಂದವು. ಜನರಿಗೆ ತಮ್ಮ ನುಡಿಯಲ್ಲಿ ಪ್ರಾರ್ಥಿಸುವ ಹಕ್ಕು ದೊರೆತದ್ದು ದೊಡ್ಡ ಲಾಭ. ಲ್ಯಾಟಿನ್ ಪಠ್ಯದ ಹಳೆಯ ಕೃತಿಗಳಿಗೆ ಆಮೇಲೆ ಉಳಿದ ಮನೆ ಹೆಚ್ಚಾಗಿ ಸಭಾಂಗಣವೇ.

ಠಾಣೆ ಸೀಮೆಯ ಹಿನ್ನೆಲೆ

ಠಾಣೆಯಲ್ಲಿ ಕ್ರೈಸ್ತ ನೆನಪು ಪೋರ್ಚುಗೀಸರಿಗಿಂತ ಹಿಂದಿನದು. ತೊಲೆಂತಿನೊದ ಥಾಮಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಮತ್ತು ಅವನ ಮೂವರು ಸಂಗಾತಿಗಳು 1321ರಲ್ಲಿ ಇಲ್ಲಿ ಹತರಾದರು. ಅವರೊಡನೆ ಬಂದಿದ್ದ ಜೊರ್ದಾನುಸ್ ಎಂಬ ಡೊಮಿನಿಕನ್ ಸನ್ಯಾಸಿ ಅವರನ್ನು ಸಮಾಧಿ ಮಾಡಿದ. 1534ರ ಒಪ್ಪಂದದಂತೆ ವಸಯಿ ಮತ್ತು ಅದರ ಸೀಮೆ ಪೋರ್ಚುಗೀಸರಿಗೆ ಸೇರಿತು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಆ ಶತಮಾನದಲ್ಲೇ ಠಾಣೆಯಲ್ಲಿ ನೆಲೆಯೂರಿದರು. ಮಾಸುಂದಾ ಕೆರೆಯ ಬಳಿಯ ಸ್ನಾನಿಕ ಯೋಹಾನರ ಇಗರ್ಜಿ ಆ ಕಾಲದ ಪರಂಪರೆಗೆ ಸೇರಿದ್ದು. ಮರಾಠರು 1737ರಲ್ಲಿ ಠಾಣೆಯನ್ನೂ, ಚಿಮಾಜಿ ಅಪ್ಪನ ಮುಂದಾಳ್ತನದಲ್ಲಿ 1739ರಲ್ಲಿ ವಸಯಿ ಕೋಟೆಯನ್ನೂ ಗೆದ್ದುಕೊಂಡರು. ಬಾಕ್‌ನ ಒರಟೋರಿಯೊ ಮೊದಲು ಕೇಳಿಬಂದಾಗ ಠಾಣೆ ಇನ್ನೂ ಪೋರ್ಚುಗೀಸರ ಊರು. ಹ್ಯಾಂಡೆಲ್ ಮೆಸ್ಸಾಯ ಬರೆಯುವ ಹೊತ್ತಿಗೆ ಆ ಆಳ್ವಿಕೆ ಮುಗಿದಿತ್ತು.

ಜರ್ಮನಿ, ಇಂಗ್ಲೆಂಡುಗಳ ಆ ಕೃತಿಗಳಿಗೂ ಈ ಸೀಮೆಗೂ ಆಗ ಯಾವ ಸಂಪರ್ಕವೂ ಇರಲಿಲ್ಲ. ಇಲ್ಲಿಗೆ ಬಂದದ್ದು ಇಬೇರಿಯದ ಇಗರ್ಜಿ ಸಂಗೀತ. ಅದರ ಕೇಂದ್ರ ಗೋವಾ. 1606ರಲ್ಲಿ ಸ್ಥಾಪನೆಯಾದ ಅಲ್ಲಿನ ಸಾಂತಾ ಮೋನಿಕಾ ಮಠ ಸನ್ಯಾಸಿನಿಯರ ಸಂಗೀತಕ್ಕೆ ಹೆಸರಾಗಿತ್ತು. ಅದಕ್ಕಿಂತ ಬಹುಕಾಲ ಉಳಿದ ಫಲ ಕೊಟ್ಟದ್ದು ಗೋವಾದ ಇಗರ್ಜಿ ಶಾಲೆಗಳು. ಊರೂರಿನ ಮಕ್ಕಳಿಗೆ ಅಲ್ಲಿನ ಸಂಗೀತದ ಮೇಷ್ಟ್ರು ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಮುಂದೆ ಮುಂಬೈಗೆ ಬಂದ ಗೋವಾ ವಾದಕರು ಬ್ಯಾಂಡು, ಜಾಜ್, ಸಿನಿಮಾ ವಾದ್ಯಮೇಳಗಳನ್ನು ತುಂಬಿದ್ದು ಈ ವಿದ್ಯೆಯ ಬಲದಿಂದ. ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಅವರು 1958ರಲ್ಲಿ ಮುಂಬೈಯ ಸೇಂಟ್ ಝೇವಿಯರ್ ಕಾಲೇಜಿನ ಅಂಗಳದಲ್ಲಿ ಭಾರತೀಯ ಗಾಯಕರನ್ನೂ ಪಾಶ್ಚಾತ್ಯ ವಾದ್ಯಮೇಳವನ್ನೂ ಒಂದೇ ವೇದಿಕೆಗೆ ತಂದದ್ದು ಇದೇ ಪರಂಪರೆಯ ಒಂದು ಕವಲು. ಠಾಣೆ, ವಸಯಿ, ಸಾಷ್ಟಿಯ ಮೂಲ ಕೆಥೋಲಿಕರು ಈಸ್ಟ್ ಇಂಡಿಯನ್ ಎಂದು ಹೆಸರಿಟ್ಟುಕೊಂಡು 1887ರಲ್ಲಿ ಸಂಘ ಕಟ್ಟಿದರು. ಮರಾಠಿಯ ಪ್ರಭೇದವೊಂದರಲ್ಲಿ ಅವರ ಮನೆ, ಮದುವೆಯ ಹಾಡುಗಳು ಪ್ರತ್ಯೇಕವಾಗಿ ಬೆಳೆದಿವೆ.

ಇಪ್ಪತ್ತನೆಯ ಶತಮಾನದಲ್ಲಿ ಉದ್ಯೋಗ ಅರಸಿ ಬಂದವರಿಂದ ಈ ನಗರಗಳ ಕ್ರೈಸ್ತ ಸಮುದಾಯ ಬಹುಭಾಷಿಕವಾಯಿತು. ಠಾಣೆ, ಕಲ್ಯಾಣ, ನವಿ ಮುಂಬೈಯ ಲ್ಯಾಟಿನ್ ಪಂಥದ ಇಗರ್ಜಿಗಳು ಮುಂಬೈ ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ. ಕೇರಳ ಮೂಲದ ಸಿರೊ ಮಲಬಾರ್ ಪಂಥಕ್ಕೆ 1988ರಲ್ಲಿ ಕಲ್ಯಾಣವೇ ಧರ್ಮಪ್ರಾಂತ್ಯದ ಪೀಠವಾಯಿತು. ಅವರ ಆರಾಧನೆಯ ಸಂಗೀತದ ಬೇರು ಸಿರಿಯಾಕ್ ಸಂಪ್ರದಾಯದಲ್ಲಿದೆ. ಮಂಗಳೂರು, ಉಡುಪಿ ಕಡೆಯಿಂದ ಬಂದ ಕೊಂಕಣಿ ಕೆಥೋಲಿಕರು ತಮ್ಮ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು. ಒಂದೇ ಊರಿನ ಕ್ರಿಸ್‌ಮಸ್ ಗೋದಲಿಯ ಮುಂದೆ ಇಂಗ್ಲಿಷ್ ಕ್ಯಾರಲ್, ಮರಾಠಿ ಗೀತೆ, ಕೊಂಕಣಿ ಗೀತೆ, ತಮಿಳು ಮಲಯಾಳಂ ಹಾಡುಗಳು ಕೇಳಿಬರುವುದು ಹೀಗೆ.

ಮುಂಬೈಯ ಸಂಸ್ಥೆಗಳು

ವಾದ್ಯಮೇಳ ಸಹಿತ ಪ್ರದರ್ಶನಗಳಿಗೆ ಬೇಕಾದ ಸಂಸ್ಥೆಗಳು ಬೆಳೆದದ್ದು ಮುಂಬೈಯಲ್ಲಿ. ಪಿಟೀಲು ವಾದಕ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ವಾದ್ಯಮೇಳ ನಿರ್ದೇಶಕ ಝುಬಿನ್ ಮೆಹ್ತಾ ಇವರ ಮಗ. ಬಾಂಬೆ ಚೇಂಬರ್ ಆರ್ಕೆಸ್ಟ್ರಾ 1962ರಲ್ಲಿ ಆರಂಭವಾಯಿತು. ವೃಂದಗಾನದಲ್ಲಿ ವಿಕ್ಟರ್ ಪರಂಜೋತಿ 1956ರಲ್ಲಿ ಸ್ಥಾಪಿಸಿದ ಪರಂಜೋತಿ ಅಕಾಡೆಮಿ ಕೋರಸ್ ದಾರಿ ತೋರಿತು. 1967ರಲ್ಲಿ ಅವರು ತೀರಿಕೊಂಡ ಮೇಲೆ ಕೂಮಿ ವಾಡಿಯಾ ದಶಕಗಳ ಕಾಲ ಅದನ್ನು ನಡೆಸಿ, ಯುರೋಪಿನ ಹಳೆಯ ಕೃತಿಗಳ ಜೊತೆಗೆ ಭಾರತೀಯ ಭಾಷೆಗಳ ಹಾಡುಗಳನ್ನೂ ಬಹುಧ್ವನಿಗೆ ಅಳವಡಿಸಿ ಹಾಡಿಸಿದರು. ಆಲ್ಫ್ರೆಡ್ ಡಿಸೋಜ ಅವರ ಸ್ಟಾಪ್‌ಗ್ಯಾಪ್ಸ್ ತಂಡ ಡಿಸೆಂಬರಿನ ಹಬ್ಬದ ಗಾಯನಕ್ಕೆ ಹೆಸರಾಯಿತು. 1969ರಲ್ಲಿ ಸ್ಥಾಪಿತವಾದ ನರೀಮನ್ ಪಾಯಿಂಟ್‌ನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ, ಅಂದರೆ ಎನ್‌ಸಿಪಿಎ, ಈ ಎಲ್ಲ ಚಟುವಟಿಕೆಗೆ ನೆಲೆಯಾಗಿದೆ. ಅಲ್ಲಿಯೇ 2006ರಲ್ಲಿ ಖುಷ್ರೂ ಸಂತೂಕ್ ಮತ್ತು ಕಝಾಕ್‌ಸ್ತಾನದ ಪಿಟೀಲು ವಾದಕ ಮರಾತ್ ಬಿಸೆನ್‌ಗಾಲಿಯೆವ್ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕಟ್ಟಿದರು. ಮುಂಬೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಸೊಪ್ರಾನೊ ಪೆಟ್ರಿಸಿಯಾ ರೊಝಾರಿಯೊ ಭಾರತದ ಗಾಯಕರಿಗೆ ನಿಯಮಿತವಾಗಿ ತರಬೇತಿ ಕೊಡುತ್ತ ಬಂದಿದ್ದಾರೆ.

ಕರ್ನಾಟಕದ ನಂಟು

ಕನ್ನಡನಾಡಿಗೆ ಬರೋಕ್ ಸಂಗೀತದ ಎಳೆಯೊಂದು ಬಂದದ್ದು ಪ್ರೊಟೆಸ್ಟೆಂಟ್ ಮಾರ್ಗದಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಕೋರಾಲ್ ಧಾಟಿಗಳಿಗೆ ಕನ್ನಡದಲ್ಲಿ ಗೀತೆ ರಚಿಸಿ ಹಾಡಿಸಿದರು. ಬಾಕ್ ತನ್ನ ಕ್ಯಾಂಟಾಟಗಳಲ್ಲಿ ನಾಲ್ಕು ಧ್ವನಿಗೆ ಬಿಡಿಸಿದ್ದು ಇದೇ ಜಾತಿಯ ಸಭಾಗೀತೆಗಳನ್ನು. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯ ಸಭೆಗಳಲ್ಲಿ ಬೆಳೆದ ಕನ್ನಡಿಗರಿಗೆ ಕ್ರಿಸ್‌ಮಸ್ ಒರಟೋರಿಯೊದ ಕೋರಾಲ್‌ಗಳ ನಡೆ ಅಪರಿಚಿತವೆನಿಸದು. ಅದೇ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ ಬೇರೆ ದಾರಿ ಹಿಡಿದರು: 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲೇ ಹೇಳಿದರು. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತ ಸಂಘದ ಮೊದಲ ಅಧ್ಯಕ್ಷರಾಗಿದ್ದರೂ ಅವರ ಆಸಕ್ತಿ ರಚನಕಾರ ಮೆಟ್ನರ್ ಮೊದಲಾದ ಈಚಿನವರ ಕಡೆಗಿತ್ತು. 1987ರಲ್ಲಿ ಅರುಣಾ ಸುಂದರ್‌ಲಾಲ್ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ವಾದ್ಯ ಮತ್ತು ಗಾಯನ ಶಿಕ್ಷಣದ ಮುಖ್ಯ ಕೇಂದ್ರ. ನೆರೆಯ ಚೆನ್ನೈಯಲ್ಲಿ ಮದ್ರಾಸ್ ಮ್ಯೂಸಿಕಲ್ ಅಸೋಸಿಯೇಶನ್ 1893ರಿಂದ ವೃಂದಗಾನವನ್ನು ನಡೆಸಿಕೊಂಡು ಬಂದಿದೆ.

ತಾಲೀಮು ಮತ್ತು ಪ್ರದರ್ಶನ

ಹವ್ಯಾಸಿ ವೃಂದದ ತಾಲೀಮು ಹಬ್ಬಕ್ಕೆ ಹಲವು ತಿಂಗಳ ಮುಂಚೆ ಶುರುವಾಗುತ್ತದೆ. ಮೊದಲು ನಾಲ್ಕು ಧ್ವನಿವರ್ಗಗಳಿಗೂ ಬೇರೆಬೇರೆ ಪಾಠ. ಸಾಲು ಗಟ್ಟಿಯಾದ ಮೇಲೆ ಕೂಡುಗಾಯನ. ವಾದ್ಯಮೇಳ ಜೊತೆಗೂಡುವುದು ಕೊನೆಯಲ್ಲಿ. ಸ್ವರಲಿಪಿ ಬಾರದವರು ಸರಿಗಮವನ್ನು ಹೋಲುವ ‘ಡೊ ರೆ ಮಿ’ ಅಕ್ಷರಲಿಪಿಯ ನೆರವಿನಿಂದಲೋ ಕೇಳಿಕೊಂಡೋ ಕಲಿಯುತ್ತಾರೆ. ಕಷ್ಟ ಎದುರಾಗುವುದು ಓಟದ ಸಾಲುಗಳಲ್ಲಿ. ಮೆಸ್ಸಾಯದ ಮೊದಲ ಭಾಗದ ಕೋರಸ್‌ಗಳಲ್ಲಿ ಒಂದೇ ಅಕ್ಷರ ಹಲವು ಅಳತೆಗಳವರೆಗೆ ವೇಗದ ಕಿರುಸ್ವರಗಳಲ್ಲಿ ಹರಿಯುತ್ತದೆ. ಯಾರು ಎಲ್ಲಿ ಉಸಿರು ಎಳೆಯಬೇಕೆಂಬುದನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತಿಸಿಕೊಂಡು, ಪಕ್ಕದವರು ಉಸಿರೆಳೆಯುವಾಗ ತಾವು ಎಳೆಯದೆ ಸಾಲು ಕಡಿಯದಂತೆ ನೋಡಿಕೊಳ್ಳಬೇಕು. ಭಾಷೆಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಮೆಸ್ಸಾಯದ ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಗ್ಲೋರಿಯದ ಲ್ಯಾಟಿನ್ ಇಗರ್ಜಿಯ ರೂಢಿಯಿಂದ ನಾಲಗೆಗೆ ಹತ್ತಿರ. ಬಾಕ್‌ನ ಜರ್ಮನ್ ಉಚ್ಚಾರಕ್ಕೆ ಬೇರೆಯೇ ಶ್ರಮ ಬೇಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ಅಂದಿನ ವಾದ್ಯ, ಅಂದಿನ ಕ್ರಮಗಳಿಗೆ ಮರಳುವ ಚಳವಳಿ ನಡೆಯಿತು. ಕರುಳಿನ ತಂತಿ, ಗುಂಡಿಯಿಲ್ಲದ ತುತ್ತೂರಿ, ಚಿಕ್ಕ ವೃಂದ, ಚುರುಕಾದ ಕಾಲ ಅದರ ಲಕ್ಷಣಗಳು. ಆ ತಂಡಗಳು ಎ ಸ್ವರವನ್ನು ಇಂದಿನ 440 ಹರ್ಟ್ಸ್‌ಗೆ ಬದಲು 415 ಹರ್ಟ್ಸ್‌ಗೆ, ಅಂದರೆ ಸುಮಾರು ಅರ್ಧ ಸ್ವರ ಕೆಳಗೆ, ಕೂಡಿಸಿಕೊಳ್ಳುತ್ತವೆ. ಮುಂಬೈಯ ಪ್ರದರ್ಶನಗಳು ಬಹುಮಟ್ಟಿಗೆ ಆಧುನಿಕ ವಾದ್ಯಗಳಲ್ಲೇ ನಡೆಯುತ್ತವೆ.

ಇಂದಿನ ಸ್ಥಿತಿ

ಠಾಣೆಯಲ್ಲಿ 1978ರ ಗಡ್ಕರಿ ರಂಗಾಯತನ ಮತ್ತು ಕಾಶಿನಾಥ ಘಾಣೇಕರ್ ನಾಟ್ಯಗೃಹ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ ಇವೆ. ಇವು ಮರಾಠಿ ರಂಗಭೂಮಿಯ ಹೆಮ್ಮೆಯ ತಾಣಗಳು. ನಟರ ಮಾತು ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಬೇಕಾದ ನಾಟಕಗೃಹದಲ್ಲಿ ಪ್ರತಿಧ್ವನಿ ಬೇಗ ಅಡಗಬೇಕಾಗುತ್ತದೆ. ಬರೋಕ್ ವೃಂದಗಾನಕ್ಕೆ ಬೇಕಾದದ್ದು ಇದಕ್ಕೆ ವಿರುದ್ಧ. ಕಲ್ಲಿನ ಇಗರ್ಜಿಗಳಲ್ಲಿ ಸ್ವರ ನಿಂತ ಮೇಲೂ ಎರಡು ಸೆಕೆಂಡಿಗೂ ಹೆಚ್ಚು ಕಾಲ ನಾದ ಉಳಿಯುತ್ತದೆ. ನಾಲ್ಕು ಧ್ವನಿಗಳು ಒಂದಾಗಿ ಬೆರೆಯುವುದು ಆ ಉಳಿಕೆಯಲ್ಲಿ. ಹಾಗಾಗಿ ಈ ನಗರಗಳಲ್ಲಿ ವೃಂದಗಾನಕ್ಕೆ ಇಗರ್ಜಿಗಳೇ ಒಪ್ಪುವ ಜಾಗ. ನವಿ ಮುಂಬೈಯಂಥ ಯೋಜಿತ ನಗರದ ಹೊಸ ಇಗರ್ಜಿಗಳಲ್ಲೂ ಎತ್ತರದ ಮಾಡು, ಬರಿಯ ಗೋಡೆಗಳಿರುವ ಕಡೆ ಹವ್ಯಾಸಿ ತಂಡಗಳಿಗೆ ಅನುಕೂಲವಿದೆ.

ಪೂರ್ಣ ವಾದ್ಯಮೇಳದ ಕಛೇರಿಗಾಗಿ ಈ ಪ್ರದೇಶದವರು ದಕ್ಷಿಣ ಮುಂಬೈಗೆ ಹೋಗಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರದಿಂದ ಠಾಣೆಗೆ ಓಡಿದ ಸುಮಾರು 34 ಕಿಲೋಮೀಟರಿನ ಹಾದಿಯೇ ಠಾಣೆಯವರಿಗೆ ಇವತ್ತಿಗೂ ಹೋಗುವ ದಾರಿ. ಡೊಂಬಿವಲಿ, ಕಲ್ಯಾಣದವರಿಗೆ ಅದು ಇನ್ನೂ ಉದ್ದ. ವಾರದ ದಿನದ ಸಂಜೆಯ ತಾಲೀಮು ಮುಗಿಸಿ ಮರಳುವ ಗಾಯಕರ ಪಾಲಿಗೆ ಕೊನೆಯ ಲೋಕಲ್ ರೈಲಿನ ವೇಳೆಯೇ ತಾಲೀಮಿನ ಮಿತಿ.

ಕಲಿಕೆಯ ಮಟ್ಟದಲ್ಲಿ ಪಿಯಾನೊ, ಕೀಬೋರ್ಡ್, ಪಿಟೀಲು, ಗಿಟಾರುಗಳಿಗೆ ಈ ನಗರಗಳಲ್ಲಿ ಶಿಕ್ಷಕರು ಸಿಗುತ್ತಾರೆ; ಟ್ರಿನಿಟಿ ಕಾಲೇಜ್ ಲಂಡನ್ ಮೊದಲಾದ ಸಂಸ್ಥೆಗಳ ಪರೀಕ್ಷೆಗೆ ಮಕ್ಕಳು ಕೂರುತ್ತಾರೆ. ಕೊರತೆಯಿರುವುದು ಓಬೊ, ಬಸೂನು, ವಿಯೋಲ, ತುತ್ತೂರಿಗಳಲ್ಲಿ. ಓಬೊದ ಜೋಡಿನಾಲಗೆಯ ಬೆತ್ತವನ್ನು ವಾದಕ ತಾನೇ ಕೆತ್ತಿ ಹದಮಾಡಿಕೊಳ್ಳಬೇಕು, ಅದು ಬೇಗ ಸವೆಯುತ್ತದೆ, ಕಲಿಸುವವರೂ ವಿರಳ. ಹಾರ್ಪ್ಸಿಕಾರ್ಡ್ ಅಪರೂಪವಾದ್ದರಿಂದ ಕಂಟಿನ್ಯೂವೊವನ್ನು ಬಹಳ ಕಡೆ ವಿದ್ಯುನ್ಮಾನ ಕೀಬೋರ್ಡಿನಲ್ಲಿ ನುಡಿಸಲಾಗುತ್ತದೆ. ಗ್ಲೋರಿಯ, ಮೆಸ್ಸಾಯದ ಮೊದಲ ಭಾಗ ಮತ್ತು ಕೊರೆಲ್ಲಿಯ ಕಾನ್ಸೆರ್ಟೊಗಳು ಹವ್ಯಾಸಿ ತಂಡಗಳ ಕೈಗೆಟುಕುವಷ್ಟು ಕ್ರಿಸ್‌ಮಸ್ ಒರಟೋರಿಯೊ ಎಟುಕದಿರುವುದಕ್ಕೆ ಈ ಕೊರತೆಯೇ ಕಾರಣ. ಅದರ ಮೊದಲ, ಮೂರನೆಯ, ಆರನೆಯ ಭಾಗಗಳಿಗೆ ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ನುಡಿಸಬಲ್ಲ ಮೂವರು ತುತ್ತೂರಿ ವಾದಕರು, ಎರಡನೆಯ ಭಾಗಕ್ಕೆ ಎರಡು ಬಗೆಯ ನಾಲ್ಕು ಓಬೊಗಳು, ನಾಲ್ಕನೆಯದಕ್ಕೆ ಇಬ್ಬರು ಕೊಂಬು ವಾದಕರು ಬೇಕು.